ಸಾಹೇಬರ ಮೋಟಾರಿನ ಗಾಲಿಚಾ

ಕೆಲವು ಗಂಡಸರು ಒಂದು ಕಲೆ ತೆಗೆಯಲು ಕೂತರೆ ಇನ್ನೊಂದನ್ನು ಸೇರಿಸಿಯೇ ಏಳುತ್ತಾರೆ. ಮಲ್ಕಪ್ಪ ಅಂಥವನೇ. ಶಹಾಪುರದ ತಹಸೀಲ್ದಾರ ಜಲಾಲುದ್ದೀನ ಸಾಹೇಬರ ಮೋಟಾರಿನಲ್ಲಿ ಮಸಿ ದೌತಿ ಉರುಳಿ, ಕಾಲಡಿಯ ಕೆಂಪು ಉಣ್ಣೆಯ ಗಾಲಿಚಾದ ಮೇಲೆ ಅಂಗೈಯಗಲ ನೀಲಿ ಹರಡಿತ್ತು. ಡ್ರೈವರ್ ಮಲ್ಕಪ್ಪ ಅದನ್ನು ಬಿಚ್ಚಿ, ಹಂಡೆಯ ಕುದಿನೀರು ಸುರಿದು, ಎಮ್ಮೆ ಮೈ ತಿಕ್ಕಿದ ಹಾಗೆ ತಿಕ್ಕಿದ. ಮಸಿ ಹೋಗಲಿಲ್ಲ. ಉಣ್ಣೆ ಮುದುಡಿ ಅಂಚು ಸೊಟ್ಟಗಾಯಿತು. "ಕುರುಬರ ಓಣಿಗೆ ಹೋಗು, ಬಸವಂತರಾಯನ ಸೊಸಿಗೆ ಉಣ್ಣಿ ಕೆಲಸ ಗೊತ್ತದ" ಎಂದು ಯಾರೋ ಹೇಳಿ ಕಳಿಸಿದರು.

ಸೊಸೆ ರೇಣಮ್ಮ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಗಾಲಿಚಾದ ಅಂಚನ್ನು ಎರಡೇ ಬೆರಳಲ್ಲಿ ಮುಟ್ಟಿ ನೋಡಿದಳು.

"ಇದಕ್ಕ ಬಿಸಿನೀರು ಹಾಕಿದವ್ರು ಯಾರ್ರಿ?"

"ನಮ್ಮಲ್ಲಿ ಒಬ್ಬ ಹುಚ್ಚ ಇದ್ದಾನ್ರಿ."

"ಅಂವನೇ ಮೋಟಾರೂ ಹೊಡೀತಾನೇನ್ರಿ?"

ಮಲ್ಕಪ್ಪ ತಲೆ ತುರಿಸಿಕೊಂಡ. ಅವಳು ನಗಲಿಲ್ಲ. ಆದರೆ ತುಟಿಯ ತುದಿ ಸುಮ್ಮನಿರಲಿಲ್ಲ.

"ಯಾವ ಮಂದಿ ನೀವು?"

"ಕುರುಬರೇರಿ. ಗೋಗಿ ಊರಂವ."

"ಕುರುಬರಂವಾಗಿ ಉಣ್ಣಿಗಿ ಕುದಿನೀರು? ಚಲೋ ಆತು ಬಿಡ್ರಿ."

"ಸಣ್ಣವಿದ್ದಾಗ ಹೈದರಾಬಾದಿಗೆ ಓಡಿಹೋದೇರಿ. ಕುರಿ ಕಾಯೋದು ಬಿಟ್ಟು ಲಾರಿ ಕಾಯ್ದೆ," ಎಂದ ಅವನು. ಈ ಸಲ ಅವಳು ನಕ್ಕೇಬಿಟ್ಟಳು. ನಕ್ಕು, ತಾನೇ ಬೆಚ್ಚಿ ಒಳಗೆ ನೋಡಿದಳು. ಮೂರು ವರ್ಷದಿಂದ ಆ ಕಟ್ಟೆಯ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

ಗಂಡ ಭಗವಂತರಾಯ ಕುರಿ ಹಿಂಡಿನ ಜೊತೆ ಭೀಮೆಯ ಆಚೆ ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡಿದ್ದ. ಆಗ ಮಗಳು ಬಾಲಿಗೆ ಎರಡು ವರ್ಷ, ಈಗ ಐದು. ರೇಣಮ್ಮನಿಗೆ ಇಪ್ಪತ್ತನಾಲ್ಕು. ಮನೆಯಲ್ಲಿ ಮಾವ ಬಸವಂತರಾಯ, ಅತ್ತೆ ಶಂಕ್ರಮ್ಮ. ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ಮಾತಾಡುವುದಕ್ಕೆ ಯಾರೂ ಇರಲಿಲ್ಲ.

ಅವಳು ಕಲೆ ತೆಗೆಯುವ ರೀತಿಯನ್ನು ಮಲ್ಕಪ್ಪ ನಿಂತು ನೋಡಿದ. ಹುಳಿ ಮಜ್ಜಿಗೆಗೆ ಉಪ್ಪು ಹಾಕಿ, ಅದರಲ್ಲಿ ಅರಿವೆ ಅದ್ದಿ, ಕಲೆಯ ಮೇಲೆ ಒತ್ತಿ ಒತ್ತಿ ತೆಗೆಯುತ್ತಿದ್ದಳು. ತಿಕ್ಕುತ್ತಿರಲಿಲ್ಲ. ಹೊರಗಿನಿಂದ ನಡುವಿಗೆ ಬರುತ್ತಿದ್ದಳು, ಕಲೆ ಹರಡಬಾರದಲ್ಲ. ಆಮೇಲೆ ಅಂಟುವಾಳದ ನೊರೆ, ತಣ್ಣೀರು, ನೆರಳಲ್ಲಿ ಬೋರಲು ಹಾಕಿ ಆರಿಸುವುದು. ಸೊಟ್ಟಗಾದ ಅಂಚಿಗೆ ಹುಣಸೆ ಬೀಜದ ಗಂಜಿ ಸವರಿ ಕಲ್ಲು ಹೇರಿದಳು. ಅವಳ ಕಣ್ಣು ಕಲೆಯ ಮೇಲೆ, ಅವನ ಕಣ್ಣು ಅವಳ ಕೈಯ ಮೇಲೆ. ಅದು ಅವಳಿಗೂ ಗೊತ್ತಿತ್ತು.

ವಾರ ಕಳೆಯುವುದರೊಳಗೆ ಗಾಲಿಚಾ ಮತ್ತೆ ಬಂತು. ಈ ಸಲ ಚಹಾ.

"ಸಾಹೇಬರು ಚೆಲ್ಲಿದ್ರೇನು?"

"ಹೌದ್ರಿ. ಗಾಡಿ ಕುಣೀತು."

"ಸಾಹೇಬರು ಕೂಡೋದು ಹಿಂದ. ಕಲೆ ಅದ ಮುಂದ, ನಿಮ್ಮ ಕಾಲಿನ ಬುಡಕ."

ಮಲ್ಕಪ್ಪನ ಕಿವಿ ಕೆಂಪಾದವು. ಮುಂದಿನ ವಾರ ಎಣ್ಣೆಯ ಕಲೆ. ರೂಪಾಯಿಯಷ್ಟು ದುಂಡಗೆ, ಯಾರೋ ಕೂತು ಹನಿಸಿದ ಹಾಗಿತ್ತು. ಅವಳು ಏನೂ ಕೇಳದೆ ಜೋಳದ ಹಿಟ್ಟು ಉದುರಿಸಿದಳು. ಕಳ್ಳತನ ಅವನೊಬ್ಬನದೇ ಅಂತ ನಾನು ಹೇಳಲಾರೆ. ಒಣಗಿದ ಗಾಲಿಚಾವನ್ನು ಯಾರೂ ಇಲ್ಲದಾಗ ಒಳಗೆ ಮಡಿಚಿಟ್ಟು, "ಇನ್ನಾ ಹಸಿ ಅದರಿ, ನಾಳೆ ಬರ್ರಿ" ಎಂದು ಅವನನ್ನು ಎರಡೆರಡು ಸಲ ಕಳಿಸಿದವಳು ಅವಳೇ.

ಅತ್ತೆ ಶಂಕ್ರಮ್ಮನಿಗೆ ಕಣ್ಣು ಮಂಜಾಗಿದ್ದವು, ಬುದ್ಧಿ ಮಂಜಾಗಿರಲಿಲ್ಲ.

"ರೇಣಿ, ಈ ಸಾಹೇಬರ ಮೋಟಾರು ಭಾಳ ಹೊಲಸಾಗತದಲ್ಲಬೇ," ಎಂದಳು ಒಂದು ದಿನ. ರೇಣಮ್ಮ ತಲೆ ಎತ್ತಲಿಲ್ಲ. ಮುದುಕಿ ಅವಳ ಬೆನ್ನ ಮೇಲೆ ಕೈಯಿಟ್ಟು, ಬಹಳ ಹೊತ್ತು ತೆಗೆಯಲೇ ಇಲ್ಲ.

ಅದು ಹೈದರಾಬಾದ್ ರಾಜ್ಯ ಒಡೆಯುವ ವರ್ಷ. ನವೆಂಬರ್ ಒಂದಕ್ಕೆ ಶಹಾಪುರ, ಸುರಪುರ, ಯಾದಗಿರಿ ಎಲ್ಲ ಮೈಸೂರಿಗೆ ಸೇರುವುದೆಂದು ಕಚೇರಿಯಲ್ಲಿ ಗುಸುಗುಸು ಇದ್ದದ್ದು ಹುಕುಮ್ಮೇ ಆಗಿ ಬಂತು. ಉರ್ದು ಓದಿದ ಸಾಹೇಬರು ತಮ್ಮೂರು ಹೈದರಾಬಾದನ್ನೇ ಆರಿಸಿಕೊಂಡರು. ಮಲ್ಕಪ್ಪನನ್ನೂ ಕರೆದರು. ಅಲ್ಲಿ ಇರಲು ಒಂದು ಕೋಣೆ, ಕಾಯಂ ನೌಕರಿ.

ಮಲ್ಕಪ್ಪ ತಡಮಾಡಲಿಲ್ಲ. ಗೋಗಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಸವಂತರಾಯನ ಪಡಸಾಲೆಯಲ್ಲಿ ಕೂತ. ಗಂಡ ಸತ್ತವಳನ್ನು ಉಡಿಕಿ ಮಾಡಿಕೊಳ್ಳುವುದು ಅವರ ಮಂದಿಯಲ್ಲಿ ನಡೆದು ಬಂದದ್ದೇ. ಒಂದು ಸೀರೆ, ಹಿರಿಯರ ಒಪ್ಪಿಗೆ, ಮುಗಿಯಿತು. ರೇಣಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳಿದಳು.

ಬಸವಂತರಾಯ ಕೆಟ್ಟವನಲ್ಲ. ನೆಲ ನೋಡುತ್ತಲೇ ಮಾತಾಡಿದ. "ಹುಡುಗಿ ಜಲ್ಮ ಹಾಳಾಗಲಿ ಅನ್ನಂಗಿಲ್ಲ ನಾ. ಹೋಗಲಿ, ಸುಖವಾಗಿರಲಿ. ಆದ್ರ ಕೂಸು ನಮ್ಮ ಮನಿದು. ಉಡಿಕಿ ಆದಾಕಿ ಕೂಸಿನ್ನ ಒಯ್ಯೋದು ನಮ್ಮಲ್ಲಿ ಇಲ್ಲ. ತಿರುಗಿ ಈ ಹೊಸ್ತಿಲ ತುಳಿಯೋದೂ ಇಲ್ಲ."

ಹಿರಿಯರು ತಲೆಯಾಡಿಸಿದರು. ರೀತಿ ಎಂದರೆ ರೀತಿ. ಮಲ್ಕಪ್ಪ ಮಾತ್ರ ಏಟು ತಿಂದವನಂತೆ ಎದ್ದು ಹೋದ.

ಸಾಹೇಬರು ಹೊರಡಲು ಇನ್ನು ಮೂರು ದಿನ ಉಳಿದಿತ್ತು; ಆ ಮೂರು ದಿನ ರೇಣಮ್ಮ ಪಟ್ಟ ಪಾಡು ಯಾರಿಗೂ ಬೇಡ. ಬಾಲಿಗೆ ತಲೆ ಬಾಚುವಾಗ ಹೋಗಬಾರದು ಅನ್ನಿಸುತ್ತಿತ್ತು. ಒಬ್ಬಳೇ ನೀರಿಗೆ ಹೋಗುವಾಗ ಇನ್ನು ನಲವತ್ತು ವರ್ಷ ಹೀಗೇನಾ ಅನ್ನಿಸುತ್ತಿತ್ತು. ಉಡಿಕಿಯಾಗಿ ಹೋದವರ ಕೂಸುಗಳೇನು ಬದುಕಿಲ್ಲವೇ? ಅಜ್ಜಿ ಇದ್ದಾಳೆ, ಅಜ್ಜ ಇದ್ದಾನೆ, ಹಾಲಿದೆ, ಮಜ್ಜಿಗೆಯಿದೆ. ಹೀಗೆ ಒಂದೊಂದೇ ಹೇಳಿಕೊಂಡು ಮನಸ್ಸನ್ನು ಕಲ್ಲು ಮಾಡಿದಳು.

ದೂರದ ಪಯಣಕ್ಕೆಂದು ತೊಳೆಯಲು ಕೊಟ್ಟಿದ್ದ ಗಾಲಿಚಾ ಒಯ್ಯಲು, ಹೊರಡುವ ದಿನ ಬೆಳಿಗ್ಗೆ ಮಲ್ಕಪ್ಪ ಬಂದ. ಮೋಟಾರು ಓಣಿಯ ತುದಿಯಲ್ಲಿ ನಿಂತಿತ್ತು. ಹಿತ್ತಲಲ್ಲಿ ರೇಣಮ್ಮ ಒಬ್ಬಳೇ ಇದ್ದಳು.

"ನಾ ಬರ್ತೀನಿ," ಎಂದಳು.

ಅವನ ಮುಖ ಬೆಳಗಿತು. ಮರುಗಳಿಗೆಯೇ ಕೇಳಿದ, "ಬಾಲಿ?"

"ಬಿಟ್ಟು ಬರ್ತೀನಿ. ಅತ್ತಿ ಹೊಟ್ಟ್ಯಾಗ ಹಾಕ್ಕೊಂಡು ನೋಡ್ಕೋತಾಳ. ನಾಕು ದಿನ ಅಳ್ತದ, ಆಮ್ಯಾಲ ಮರೀತದ. ಕೂಸುಗಳು ಮರೀತಾವ."

"ಮರ್ಯಂಗಿಲ್ಲ."

"ನಿಮಗೇನು ಗೊತ್ತು?"

"ನಾ ಮರ್ತಿಲ್ಲ, ರೇಣಿ."

ಅವನು ಒಗೆಯುವ ಕಲ್ಲಿನ ಮೇಲೆ ಕೂತ. "ನಮ್ಮಪ್ಪ ಸತ್ತ ವರ್ಷ ನಮ್ಮವ್ವ ಉಡಿಕಿ ಆಗಿ ಹೋದ್ಲು. ನಾ ಬಾಲಿಯಷ್ಟಿದ್ದೆ. ಆರು ತಿಂಗಳಿಗೊಮ್ಮೆ ಬರ್ತಿದ್ಲು. ಹೊಸ್ತಿಲ ತುಳಿಯಂಗಿಲ್ಲ, ಹೊರಗ ಬೇವಿನ ಗಿಡದ ಬುಡಕ ನಿಂದರ್ತಿದ್ಲು, ಸೆರಗಿನ್ಯಾಗ ಬೆಲ್ಲ ಕಟ್ಕೊಂಡು. ಕರೀತಿದ್ಲು. ನಾ ಬಾಗಿಲ ಹಿಂದ ನಿಂತು ನೋಡ್ತಿದ್ದೆ. ಒಮ್ಮೆನೂ ಹೋಗಲಿಲ್ಲ. ಸಿಟ್ಟು ನನಗ. ಕಡೀಗೆ ಅಕಿನೂ ಬರೋದು ಬಿಟ್ಲು."

"ಈಗ ಎಲ್ಲಿದ್ದಾಳ?"

"ನಾ ಹೈದರಾಬಾದಿನ್ಯಾಗ ಲಾರಿ ತೊಳೀತಿದ್ದಾಗ ಸತ್ಲು. ಅಕಿ ಮಾರಿ ನೆಪ್ಪಿಲ್ಲ ನನಗ. ಆ ಬೆಲ್ಲದ ಗಂಟು ಅಷ್ಟ ನೆಪ್ಪದ."

ರೇಣಮ್ಮ ಅವನ ಎದುರಿಗೆ ಬಂದಳು. "ಹಂಗಿದ್ರ ಯಾಕ ಕೇಳಾಕ ಬಂದ್ರಿ? ನನ್ನ ಪಾಡಿಗೆ ನಾ ಇದ್ದೆ."

"ನಾ ಗಂಡು ಕೂಸು, ಮನಿತನಕ್ಕ ಬೇಕಂತ ಇಟ್ಕೊಂಡ್ರು ಅಂತ ತಿಳ್ಕೊಂಡಿದ್ದೆ. ಬಾಲಿ ಹೆಣ್ಣು, ಕೊಟ್ಟುಬಿಡ್ತಾರ ಅಂತ ಆಸೆ ಇತ್ತು. ಮೂರೂ ಮಂದಿ ಹೋಗೋಣ ಅಂತ ಸಾಹೇಬರಿಗೂ ಹೇಳಿದ್ದೆ."

"ಹಂಗಾರ ನೀವೇ ಇಲ್ಲಿ ಉಳೀರಿ."

"ಉಳಿದ್ರೂ ರೀತಿ ಅದ. ಇದೇ ಓಣ್ಯಾಗ ನೀ ಹೊರಗ ನಿಂದರ್ತಿ, ಅದು ಬಾಗಿಲ ಹಿಂದ ನಿಂದರ್ತದ. ಅದನ್ನ ನಾ ನೋಡಲಾರೆ."

ಅವಳು ಅಳು ತಡೆದುಕೊಳ್ಳಲು ಹೋಗಲಿಲ್ಲ. "ನಿಮ್ಮ ಮ್ಯಾಲ ನನ್ನ ಜೀವ ಅದ," ಎಂದಳು. "ಇದನ್ನ ಒಮ್ಮೆಯಾದ್ರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳೀನಿ."

"ನನ್ನದೂ ಅಷ್ಟ," ಎಂದ ಮಲ್ಕಪ್ಪ. "ನೀ ಬರ್ತೀನಿ ಅಂದೆಲ್ಲ, ನನಗ ಅಷ್ಟ ಸಾಕು." ಸಾಕಾಗಲಿಲ್ಲವೆಂದು ಅವನ ದನಿಯೇ ಹೇಳುತ್ತಿತ್ತು. ಗಾಲಿಚಾ ಎತ್ತಿಕೊಳ್ಳುವಾಗ ಅವನ ಕೈ ಅವಳ ಕೈಗೆ ತಗುಲಿತು.

ಅವನು ಓಣಿಗೆ ಬಂದಾಗ ಬಾಲಿ ಮೋಟಾರಿನ ಸುತ್ತ ತಿರುಗುತ್ತಿದ್ದಳು. ಗಾಲಿಚಾ ಹಾಸಿ, ಬಾಲಿಯನ್ನು ಎತ್ತಿ ತನ್ನ ಸೀಟಿನ ಮೇಲೆ ನಿಲ್ಲಿಸಿದ. ಅವಳು ಹಾರ್ನ್ ಒತ್ತಿ ಒತ್ತಿ ನಕ್ಕಳು. ಓಣಿಯ ಕೋಳಿಗಳೆಲ್ಲ ಚೆದುರಿದವು.

"ನಾನೂ ಬರ್ತೀನಿ ಕಾಕಾ."

"ನೀ ನಿಮ್ಮವ್ವನ ಬಲ್ಲಿ ಇರಬೇಕವ್ವ."

ಬಾಲಿಯನ್ನು ಕಂಕುಳಿಗೆ ಎತ್ತಿಕೊಂಡು ಹೋಗಿ, ಹಿಂದೆ ಬಂದು ನಿಂತಿದ್ದ ರೇಣಮ್ಮನ ತೋಳಿಗೆ ಕೊಟ್ಟ. "ಹಿಡಿ," ಎಂದ. ಆಮೇಲೆ ಅವಳ ಮುಖ ನೋಡಲಿಲ್ಲ. ಮೋಟಾರು ಸಾಹೇಬರ ಬಂಗಲೆಯ ಕಡೆ ತಿರುಗಿತು. ಧೂಳು ಕೂತ ಮೇಲೂ ರೇಣಮ್ಮ ಅಲ್ಲೇ ಇದ್ದಳು.

"ಬಿಡಬೇ," ಎಂದು ಬಾಲಿ ಕೊಸರಿದಳು. "ಭಾಳ ಬಿಗಿ ಹಿಡದೀ. ನೋಯಾಕತ್ತದ."

ರೇಣಮ್ಮ ಕೈ ಸಡಿಲಿಸಲಿಲ್ಲ.