ಕೆಂಗೇರಿ ಲ್ಯಾಬಿನಲ್ಲಿ ಸ್ಪೀಡ್ ಕಳವು

ಓದುಗ ಮಹಾಶಯರೇ, ಗಟ್ಟಿಯಾಗಿ ಕೂತುಕೊಳ್ಳಿ. ಪೊಲೀಸರು ಚಿನ್ನ ಕದ್ದವರನ್ನು, ಬೈಕ್ ಕದ್ದವರನ್ನು ಹಿಡಿಯುತ್ತಾರೆ. ನಮ್ಮ ಅನಿಕೇತ್ ಹಿಡಿದದ್ದು ಸ್ಪೀಡನ್ನೇ ಕದ್ದವರನ್ನು! ಅದೂ ಬರೀ ತಲೆ ಓಡಿಸಿ!

ಕೆಂಗೇರಿಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್. ಬೆಳಿಗ್ಗೆ ಕಂಪ್ಯೂಟರ್ ನೋಡಿದ ಕೀರ್ತನಾ ಕಿರುಚಿದಳು.

"ನನ್ನ ಸಿಮ್ಯುಲೇಶನ್‌ ಸ್ಪೀಡ್ ಯಾರೋ ಕದ್ದಿದಾರೆ ಕಣೋ!"

ಔಷಧದ ಅಣುವೊಂದು ನೀರಿನಲ್ಲಿ ಹೇಗೆ ಕುಣಿಯುತ್ತದೆ ಎಂದು ಅವಳ ಮೆಷಿನ್ ಲೆಕ್ಕ ಹಾಕುತ್ತಿತ್ತು. ದಸರಾ ಹಬ್ಬಕ್ಕೆ ಮುಂಚೆ ಕುದುರೆಯಂತೆ ಓಡುತ್ತಿದ್ದದ್ದು ಈಗ ಮಾಗಡಿ ರೋಡಿನ ಟ್ರಾಫಿಕ್ಕಿನಂತೆ ತೆವಳುತ್ತಿತ್ತು. ಸೋಮವಾರದೊಳಗೆ ಮುಗಿಯದಿದ್ದರೆ ಲ್ಯಾಬಿನ ಮುಖ್ಯಸ್ಥೆ ಪ್ರಭಾ ಮೇಡಂ ಆ ಮೆಷಿನ್ನನ್ನು ಅದೇ ಲ್ಯಾಬಿನ ಇನ್ನೊಬ್ಬ ವಿದ್ಯಾರ್ಥಿ ಭೈರೇಶನಿಗೆ ಕೊಟ್ಟುಬಿಡುತ್ತಿದ್ದರು.

ಪಕ್ಕದ ಸೀಟಿನ ಅನಿಕೇತ್ ಕೂಲಿಂಗ್ ಗ್ಲಾಸ್ ಏರಿಸಿದ. ಒಳಗೆ ಬಿಸಿಲಿರಲಿಲ್ಲ.

"ಅಳ್ಬೇಡ. ಕೇಸು ಈ ಅನಿಕೇತ್ ಕೈಗೆ ಬಂದ್ರೆ ಫೈಲೇ ಹೆದರ್ಕೊಂಡು ಓಪನ್ ಆಗತ್ತೆ!"

\* \* \*

ಮೊದಲ ಅನುಮಾನ ಭೈರೇಶನ ಮೇಲೆ.

"ಮಗಾ, ಅವಳ ಮೆಷಿನ್ನಲ್ಲಿ ಗುಟ್ಟಾಗಿ ನಿನ್ನ ಲೆಕ್ಕ ಓಡಿಸ್ತಾ ಇದೀಯಾ?"

"ಲೇ, ಸ್ಕ್ರೀನ್ ನೋಡೋ. ಅವಳದ್ದು ಬಿಟ್ಟು ಇನ್ನೊಂದ್ ಕೆಲಸ ಓಡ್ತಿದ್ರೆ ಮೀಸೆ ಬೋಳಿಸ್ತೀನಿ!"

ಓಡುತ್ತಿರಲಿಲ್ಲ. ಮೀಸೆ ಉಳಿಯಿತು.

"ಕೀರ್ತನಾ, ಲೆಕ್ಕಕ್ಕೆ ನೀರಿನ ಅಣು ಜಾಸ್ತಿ ಸುರಿದ್ಯಾ?"

"ಇಲ್ಲ ಕಣೋ, ಹಳೇ ಫೈಲೇ. ಶುರು ಮಾಡ್ದಾಗ ಸೂಪರಾಗಿ ಓಡತ್ತೆ. ಟೀ ಕುಡ್ದು ಬರೋಷ್ಟ್ರಲ್ಲಿ ಸುಸ್ತು!"

ಅನಿಕೇತ್ ಕೂಲಿಂಗ್ ಗ್ಲಾಸ್ ತೆಗೆದ.

\* \* \*

ಟೀ ಹೊತ್ತಿನ ನಂತರ ಅವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಪ್ರಭಾ ಮೇಡಂ ಕೂಡ ಬಂದರು.

"ಮೇಡಂ, ಕಂಪ್ಲೇಂಟ್ ಕೊಟ್ಟೋಳೇ ಕಳ್ಳಿ!"

"ತಲೆ ಕೆಟ್ಟಿದ್ಯೇನೋ?" ಎಂದಳು ಕೀರ್ತನಾ.

"ಆಯುಧ ಪೂಜೆ ದಿನ ಎಲ್ರೂ ಮೆಷಿನ್ ಮೇಲೆ ಒಂದೊಂದ್ ಹೂವಿಟ್ರು. ನೀನು?"

"ಬೇಗ ಓಡ್ಲಿ ಅಂತ... ದಪ್ಪನೆ ಸೇವಂತಿಗೆ ಹಾರ ಹಾಕ್ದೆ."

"ಎಲ್ಲಿಗೆ? ಗಾಳಿ ಎಳ್ಕೊಳೋ ಜಾಲರಿಗೆ! ಶುರುವಲ್ಲಿ ಮೆಷಿನ್ ತಣ್ಣಗಿರತ್ತೆ, ಓಡತ್ತೆ. ಉಸಿರು ಕಟ್ಟಿ ಬಿಸಿ ಏರಿದ್ರೆ, ಸುಟ್ಟು ಹೋಗ್ಬಾರ್ದು ಅಂತ ತಾನೇ ಸ್ಪೀಡ್ ಇಳಿಸ್ಕೊಳತ್ತೆ."

ಹಾರ ತೆಗೆದರು. ಜಾಲರಿಗೆ ಅಂಟಿದ್ದ ಎಸಳುಗಳನ್ನು ಬಿಡಿಸಿದರು. ಮೆಷಿನ್ ಒಳಗಿನ ಫ್ಯಾನಿನ ಗೋಳಾಟ ನಿಂತಿತು. ಪರದೆಯ ಮೇಲೆ ಸ್ಪೀಡ್ ಏರತೊಡಗಿತು.

"ಸೋಮವಾರ ರಿಸಲ್ಟ್ ತಗೊಂಡ್ ಬಾ," ಎಂದು ಮೇಡಂ ನಕ್ಕರು. "ಹಾರ ಹಾಕೋದಾದ್ರೆ ನನಗೆ ಹಾಕಮ್ಮ. ನಾನು ಬಿಸಿ ಆಗಲ್ಲ."

ಭೈರೇಶನಿಗೆ ಯಾಕೋ ಕೆಮ್ಮು ಬಂತು.

\* \* \*

ಈಗ ನಿಜ ಹೇಳಿಬಿಡುತ್ತೇನೆ. ಅನಿಕೇತನ ತಲೆ ಓಡಿದ್ದು ಆಮೇಲೆ, ಮೊದಲು ಓಡಿದ್ದು ಕಾಲು. ಟೀ ಹೊತ್ತಿನಲ್ಲಿ ಅವನು ಕೀರ್ತನಾಳನ್ನು "ಭೋ" ಎಂದು ಹೆದರಿಸಲು ಆ ಮೆಷಿನ್ ಹಿಂದೆ ಅಡಗಿ ಕೂತಿದ್ದ. ಮೆಷಿನ್ನಿನ ಬಿಸಿ ತಗುಲಿ ಬೆನ್ನಿಗೆ ಕಾದ ದೋಸೆ ಹಂಚು ಇಟ್ಟ ಹಾಗಾಯಿತು. "ಅಮ್ಮಾ!" ಎಂದು ಚೀರಿ ಹೊರಗೆ ಓಡಿದ್ದು ನಮ್ಮ ಪತ್ತೇದಾರನೇ.