ಇಪ್ಪತ್ನಾಲ್ಕನೇ ನಡೆ

ಮೊಬೈಲ್ ಸಿಕ್ಕಿದ್ದು ಹೆಂಗಸರ ಟಾಯ್ಲೆಟ್‌ನಲ್ಲಿ, ಬಕೆಟ್ಟಿನ ಹಿಂದೆ. ಗುಡಿಸಲು ಹೋದ ದ್ಯಾವಮ್ಮ ತಂದು ತೀರ್ಪುಗಾರ್ತಿ ಪ್ರತಿಮಾಳ ಕೈಗಿಟ್ಟಳು. ಪರದೆಯ ಮೇಲೆ, ಮುಂದಿನ ನಡೆ ಹೇಳಿಕೊಡುವ ಆ್ಯಪಿನ ಚೆಸ್ ಬೋರ್ಡ್. ತರೀಕೆರೆಯ ಆ ಸಭಾಂಗಣದಲ್ಲಿ ನಡೆಯುತ್ತಿದ್ದ ಫೈನಲ್ ಆಟವೇ ಅದು. ಅಜ್ಜಂಪುರದ ನಯನ, ಬೀರೂರಿನ ಮಹೇಂದ್ರ. ಗೆದ್ದವರು ರಾಜ್ಯ ಮಟ್ಟಕ್ಕೆ.

ಇಬ್ಬರಲ್ಲಿ ಆಟದ ನಡುವೆ ಎದ್ದು ಹೋಗಿದ್ದವಳು ನಯನ ಒಬ್ಬಳೇ.

"ನಂದಲ್ಲ ಮೇಡಂ. ಮುಖ ತೊಳ್ಕೊಂಡು ಬಂದೆ, ಅಷ್ಟೇ."

ಅಕ್ಕ ಭುವನಾ ಓಡಿಬಂದು ಅವಳ ಹೆಗಲು ಹಿಡಿದಳು. "ನನ್ ತಂಗಿ ಅಂಥೋಳಲ್ಲ ಕಣ್ರೀ!"

ನಿಯಮ ನಿಯಮವೇ. ಪ್ರತಿಮಾ ಆಟ ನಿಲ್ಲಿಸಿ ನಯನ ಸೋತಳೆಂದು ಬರೆದಳು. ಹಿಂದಿನ ಸಾಲಿನಿಂದ ಯಾರೋ "ಕಳ್ಳಿ" ಎಂದರು.

* * *

ಸಭಾಂಗಣ ಖಾಲಿಯಾಯಿತು. ಪ್ರತಿಮಾ ಏಳಲಿಲ್ಲ. ಮೊದಲು ಮಹೇಂದ್ರನ ಮೇಲೆ ಅನುಮಾನ ಬಂತು. ಆದರೆ ಅವನು ಕುರ್ಚಿ ಬಿಟ್ಟು ಕದಲಿರಲಿಲ್ಲ. ಜೊತೆಗೂ ಯಾರೂ ಬಂದಿರಲಿಲ್ಲ.

ನಡೆ ಬರೆದ ಹಾಳೆಯನ್ನು ಮೊಬೈಲಿನ ಪಕ್ಕ ಇಟ್ಟಳು. ಪರದೆಯಲ್ಲಿ ಮಹೇಂದ್ರನ ಕುದುರೆ ಆಗಲೇ ನೆಗೆದಿತ್ತು. ಇಪ್ಪತ್ನಾಲ್ಕನೇ ನಡೆ. ಕುದುರೆಯನ್ನೇ ಬಲಿಕೊಟ್ಟ ನಡೆ, ಯಾರೂ ಊಹಿಸಿರಲಿಲ್ಲ. ಅವನು ಅದನ್ನು ಆಡಿದಾಗ ನಯನ ಟಾಯ್ಲೆಟ್‌ನಲ್ಲಿದ್ದಳು. ಬಂದ ಮೇಲೆ ಮತ್ತೆ ಎದ್ದಿರಲಿಲ್ಲ.

ಕಾಣದ ನಡೆಯನ್ನು ಮೊಬೈಲಿಗೆ ಹಾಕುವುದು ಹೇಗೆ?

"ದ್ಯಾವಮ್ಮ, ಆ ಹುಡ್ಗಿ ಆಚೆ ಬಂದ್ಮೇಲೆ ಒಳಗೆ ಯಾರು ಹೋದ್ರು?"

"ಬಾಗ್ಲಲ್ಲೇ ಕೂತಿದ್ನಲ್ಲವ್ವ. ಅವಳಕ್ಕ ಒಬ್ಳೇ."

* * *

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅಕ್ಕತಂಗಿ ಕೂತಿದ್ದರು. ಪ್ರತಿಮಾ ಎಲ್ಲವನ್ನೂ ಹೇಳಿದಳು. ಭುವನಾ ಇಲ್ಲವೆನ್ನಲಿಲ್ಲ.

"ಇಬ್ರನ್ನೂ ಆಡ್ಸೋಕಾಗಲ್ಲ ಅಂದ್ರು ಅಪ್ಪ. ಹದಿನಾರಕ್ಕೆ ನನ್ನ ಬಿಡ್ಸಿದ್ರು. ಇವಳಿಗೆ ಕಲ್ಸಿದ್ದು ನಾನು. ಅಲ್ಲಿ ಕೂತು ಚಪ್ಪಾಳೆ ತಟ್ಟಿ ತಟ್ಟಿ ಸಾಕಾಗಿತ್ತು, ಮೇಡಂ."

ನಯನ ಅಕ್ಕನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ತೀರ್ಪು ವಾಪಸ್ ತಗೊಂಡಿದೀನಿ," ಎಂದಳು ಪ್ರತಿಮಾ. "ನಾಳೆ ಆಟ ಮುಂದುವರ್ಸೋಣ. ಬಾಮ್ಮ."

* * *

ಬೆಳಿಗ್ಗೆ ಹತ್ತಕ್ಕೆ ನಯನ ಒಬ್ಬಳೇ ಬಂದಳು. ಕಾಯಿಗಳು ನಿಂತ ಜಾಗದಲ್ಲೇ ಇದ್ದವು. ಮಂತ್ರಿಯತ್ತ ಕೈ ಚಾಚಿದಳು. ಮುಟ್ಟದೆ ಹಿಂದೆಗೆದಳು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದಳು.

"ಯಾವ ಕಾಯಿ ಮುಟ್ಟಕ್ಕೋದ್ರೂ ಅಕ್ಕನ ದನಿನೇ ಕೇಳ್ಸುತ್ತೆ," ಎಂದು ಗಡಿಯಾರ ನಿಲ್ಲಿಸಿ, ಸೋಲೊಪ್ಪಿಕೊಂಡು ಮಹೇಂದ್ರನತ್ತ ಕೈ ನೀಡಿದಳು.

ಅವನು ಕೈ ಕೊಡಲಿಲ್ಲ. "ಲೇ, ಗೆಲ್ಲೋ ಆಟ ಕಣೇ ನಿಂದು."

"ಗೊತ್ತು," ಎಂದಳು ನಯನ. ಹಾಳೆಗೆ ಸಹಿ ಹಾಕಿ ಎದ್ದಳು.