ಬೆಸೆದ ಕೊಕ್ಕೆ

“ಅಳಿಯಂದಿರೇ, ಆ ಕೊಕ್ಕೆ ಮಾತ್ರ ಬೆಸೀಬೇಡಿ. ಅದನ್ನ ನಾನೇ ಮುರಿದಿಟ್ಟಿದ್ದು.”

ಕೈನಡುಕ ಬಂದ ಮೇಲೆ ಮಾವ ತಮ್ಮ ರಿಪೇರಿ ಅಂಗಡಿಯನ್ನು ಅಳಿಯನ ಸುಪರ್ದಿಗೆ ಬಿಟ್ಟಿದ್ದರು. ಅಳಿಯ ಬಂದವನೇ ಅಟ್ಟ ಕೆದಕಿ, ಮಸಿಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೇ ಟೆಲಿಫೋನನ್ನು ಕೆಳಗಿಳಿಸಿದ್ದ. ಹಿತ್ತಾಳೆಯ ಮೈ, ಕರಿಮರದ ಪೀಠ. ರಿಸೀವರ್ ತೂಗುಹಾಕುವ ಕೊಕ್ಕೆ ಬುಡದಲ್ಲೇ ಮುರಿದಿತ್ತು.

“ಯಾಕೆ ಮಾವ, ದೆವ್ವ ಫೋನ್ ಮಾಡುತ್ತಾ?”

“ಒಬ್ಬಳು ಗಂಡನ ಕಳ್ಳಮಾತು ನಿಲ್ಲಿಸೋಕೆ ಅದಕ್ಕೆ ಬಾಯಿಕಟ್ಟು ಮಾಟ ಮಾಡಿಸಿದ್ಳು. ನಗಬೇಡಿ.”

“ಮಾಟಕ್ಕಾದ್ರೂ ವೈರ್ ಬೇಡ್ವಾ? ಇದಕ್ಕೆ ಲೈನೇ ಇಲ್ಲ!” ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವ ಮುಖ ತಿರುಗಿಸಿ ಒಳಗೆ ಹೋದರು.

ಗಂಟೆಯ ಬಟ್ಟಲು ಬಿಚ್ಚಿದರೆ, ಅದರಡಿ ಉದ್ದ ಕೂದಲು ಸುತ್ತಿದ ತಾಮ್ರದ ತಗಡು, ತಗಡಿಗೆ ಚುಚ್ಚಿದ ತುಕ್ಕು ಸೂಜಿಗಳು. ಅದನ್ನು ಚಿಮುಟದಲ್ಲಿ ಎತ್ತಿ ಕಸಕ್ಕೆಸೆದ. ಮುರಿದ ಅಂಚುಗಳನ್ನು ಅರದಿಂದ ಉಜ್ಜಿದ. ಬೆಸುಗೆ ಕೂಡಲೆಂದು ಬಿಳಿಗಾರ ಬಳಿದು ಉರಿ ಹಿಡಿದ. ಬೆಸುಗೆಯ ತಂತಿ ಕರಗಿ ಬಿರುಕಿನುದ್ದಕ್ಕೂ ಹೊನ್ನಿನ ಎಳೆಯಂತೆ ಹರಿಯಿತು. ಬಿಸಿ ಲೋಹದ ವಾಸನೆ ಬರಬೇಕಿದ್ದಲ್ಲಿ ಸುಟ್ಟ ಕೂದಲಿನ ಕಮಟು ಎದ್ದಿತು. ಮೂಗು ಒರೆಸಿಕೊಂಡು, ಗಂಟೆಯ ಬಟ್ಟಲನ್ನು ಮತ್ತೆ ಕೂರಿಸಿ, ರಿಸೀವರನ್ನು ಕೊಕ್ಕೆಗೆ ತೂಗುಹಾಕಿ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ.

ನಡುಹಗಲು. ಹೊರಗೆ ಬೀದಿಯ ಗದ್ದಲ. ಯಾರೋ ಬಾಗಿಲು ಹಾಕಿದಂತೆ ಆ ಗದ್ದಲ ಒಮ್ಮೆಲೇ ನಿಂತಿತು.

ಫೋನಿನ ಗಂಟೆ ಬಾರಿಸಿತು.

“ರೀ, ನಿಮ್ಮ ಫೋನ್ ಸರಿಯಾಯ್ತು!” ಒಳಗಿನಿಂದ ಬಂದ ಹೆಂಡತಿ ಖುಷಿಯಿಂದ ರಿಸೀವರ್ ಎತ್ತಿಬಿಟ್ಟಳು. “ಹಲೋ?”

ಮುಂದಿನ ಮಾತು ಹೊರಡಲಿಲ್ಲ. ತುಟಿಗಳು ಒಂದಕ್ಕೊಂದು ಅಂಟಿದವು. ನಡುವೆ ಸಣ್ಣ ಹೊನ್ನಿನ ಎಳೆ ಮೂಡಿತು. ಅವನದೇ ಕೈಯ ಬೆಸುಗೆ. ಅವಳು ಉಗುರಿನಿಂದ ಬಾಯಿ ಕೆರೆದುಕೊಂಡಳು. ಗಂಟಲಲ್ಲಿ ಗೊರಗೊರ ಸದ್ದು. ಕಣ್ಣುಗುಡ್ಡೆಗಳು ಕಿತ್ತು ಬರುವಂತಿದ್ದವು.

ಅವನು ಗರಗಸ ತಂದು ಕೊಕ್ಕೆಗೆ ಹಚ್ಚಿದ. ಒಂದೆಳೆತ. ಹೆಂಡತಿಯ ತುಟಿಯಲ್ಲಿ ರಕ್ತ ಜಿನುಗಿತು. ಇನ್ನೊಂದೆಳೆತಕ್ಕೆ ಗಲ್ಲದವರೆಗೂ ಹರಿಯಿತು. ಗರಗಸ ಕೈಯಿಂದ ಜಾರಿತು.

“ಕುಯ್ಯಬೇಡಿ!” ಓಡಿಬಂದ ಮಾವ ಬಾಗಿಲಿಗೆ ಆನಿಕೊಂಡರು. “ಅವತ್ತು ನಾನು ಸುತ್ತಿಗೆಯಲ್ಲಿ ಮುರಿದೆ. ಅದು ಹಿಡಿದಿದ್ದ ಆ ಗಂಡನ ದವಡೆ ಪುಡಿಯಾಯ್ತು.”

“ಮತ್ತೇನ್ ಮಾಡ್ಲಿ ಮಾವ? ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ!”

“ಅದ್ರಲ್ಲಿ ಬೇರೆಯವರು ಮಾತಾಡಿದ್ರೆ ಹಿಡಿದವರನ್ನ ಬಿಡುತ್ತೆ. ಮೊದಲು ಅದು ಹಿಡಿದಿದ್ದು ಮಾಟ ಮಾಡಿಸಿದ ಆ ಹೆಂಡತಿನೇ. ಗಂಡ ಮಾತಾಡಿದ ಮೇಲೆ ಬಿಡ್ತು.” ಮುದುಕನ ದನಿ ಒಡೆಯಿತು. “ಇತ್ಲಾಗೆ ಕೊಡಿ. ನಾನು ಮಾತಾಡ್ತೀನಿ.”

ಹೆಂಡತಿಯ ಮೂಗಿನ ಹೊಳ್ಳೆಗಳೂ ಮುಚ್ಚತೊಡಗಿದ್ದವು. ಮುಖ ನೀಲಿಗಟ್ಟಿತ್ತು. ಮಾವನ ಕೈ ಚಾಚಿತು, ನಡುಗಿತು, ತಲುಪಲಿಲ್ಲ. ಅಳಿಯ ಅವರನ್ನು ಪಕ್ಕಕ್ಕೆ ನೂಕಿ ರಿಸೀವರ್ ಕಸಿದುಕೊಂಡ. ಕಿವಿಯಲ್ಲಿ ಯಾರದೋ ಒದ್ದೆ ಉಸಿರು.

“ಹಲೋ! ನನ್ನ ಹಿಡ್ಕೋ! ಅವಳನ್ನ ಬಿಟ್ಬಿಡು!”

ಹೆಂಡತಿ ಬಾಯ್ತೆರೆದು ಚೀರಿದಳು. ಅವನ ಬಾಯಿ ಮುಚ್ಚಿತು.

ಗಾಳಿ ಇಲ್ಲ. ಎದೆ ಬಿರಿಯುತ್ತಿದೆ. ಕುಯ್ಯುವಂತಿಲ್ಲ. ಮುರಿಯುವಂತಿಲ್ಲ. ಬೆಸುಗೆ ಬಿಡಿಸಲು ಉಳಿದದ್ದು ಒಂದೇ ದಾರಿ. ಅದು ಅವನಿಗೆ ಗೊತ್ತಿತ್ತು. ಅವನು ಉರಿ ಹೊತ್ತಿಸಿದ.

“ಬೇಡಾ ರೀ!” ಹೆಂಡತಿ ಕೂಗಿದಳು.

ಬೆಂಕಿ ಕೊಕ್ಕೆಗೆ ತಾಗಿತು. ತುಟಿ ಚುರ್ರೆಂದಿತು. ಕೈ ಹಿಂದಕ್ಕೆ ಬರಲಿಲ್ಲ. ಕೊಕ್ಕೆ ಕೆಂಪಾಯಿತು. ಸುಟ್ಟ ಮಾಂಸದ ವಾಸನೆ. ಅವನದೇ. ಕಣ್ಣು ಕತ್ತಲಿಟ್ಟಿತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಎಳೆ ಕರಗಿತು. ಹನಿಯಾಗಿ ತೊಟ್ಟಿಕ್ಕಿತು. ಕೊಕ್ಕೆ ಟಣ್ಣನೆ ನೆಲಕ್ಕೆ ಬಿತ್ತು.

ಬೀದಿಯ ಗದ್ದಲ ಮತ್ತೆ ಒಳಗೆ ನುಗ್ಗಿತು.

ತುಟಿಯ ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಕಟ್ಟು ಬಿಚ್ಚಿದ ದಿನ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆಯಲು ನೋಡಿದ. ಬಾಯಿ ತೆರೆಯಿತು, ನಾಲಗೆ ಹೊರಳಿತು, ಬರೀ ಉಸಿರು ಬಂತು. ಮತ್ತೆ ಕರೆದ. ಕತ್ತಿನ ನರ ಉಬ್ಬುವಂತೆ ಕರೆದ.

ಅವಳು ಬಾಗಿ, ಅವನ ಬಾಯಿಗೆ ಕಿವಿ ಹಚ್ಚಿದಳು. ಕಣ್ಣು ತುಂಬಿ ಬಂದಿತ್ತು.

“ಹೂಂ ರೀ, ಹೇಳಿ,” ಎಂದಳು. “ಕೇಳಿಸ್ತಿದೆ.”